ಹಳೆ ಮಿಷನ್, ಹೊಸ ವಿಂಡೋಸ್: ಡ್ರೈವರ್ ಕೂರದಿದ್ದಾಗ ಎಲ್ಲಿಂದ ನೋಡಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅದರ ಆಸುಪಾಸಿನಲ್ಲಿ ತುಮಕೂರು ಜಿಲ್ಲೆಯ ಎಷ್ಟೋ ಅಂಗಡಿ, ಮಂಡಿ, ಡಿಟಿಪಿ ಸೆಂಟರ್‌ಗಳು ಹೊಸ ಕಂಪ್ಯೂಟರ್ ತಂದುಕೊಂಡವು. ಅದಕ್ಕೆ ಚುಚ್ಚುವ ಮಿಷನ್‌ಗಳು ಮಾತ್ರ ಹಳೆಯವೇ. ತೂಕದ ಮಿಷನ್, ಸ್ಕ್ಯಾನರ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಯಾವುದೋ ಸಾಫ್ಟ್‌ವೇರ್ ಓಡಬೇಕಾದರೆ ಚುಚ್ಚಿರಲೇಬೇಕಾದ ಡಾಂಗಲ್. ಚೆನ್ನಾಗಿ ಕೆಲಸ ಮಾಡುತ್ತಿರುವ ಮಿಷನ್ನನ್ನು ಕಂಪ್ಯೂಟರ್ ಬದಲಾಯಿತು ಅಂತ ಯಾರು ಬಿಸಾಕುತ್ತಾರೆ?

ತಂತಿ ಚುಚ್ಚಿದರೆ ಡಿವೈಸ್ ಮ್ಯಾನೇಜರಿನಲ್ಲಿ (ಕಂಪ್ಯೂಟರಿಗೆ ಸೇರಿದ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್ ಪರದೆ) ಹಳದಿ ಗುರುತು. ಡ್ರೈವರ್, ಅಂದರೆ ಸಾಧನದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್ ಇರುವ ಸಿಡಿ ಹಾಕಿದರೆ ‘ಡಿಜಿಟಲ್ ಸಹಿ ಇಲ್ಲ’ (ಡ್ರೈವರ್ ಯಾರದ್ದು, ನಡುವೆ ತಿದ್ದಿದ್ದಾರಾ ಅಂತ ಹೇಳುವ ಗುರುತು ಇಲ್ಲ) ಎಂಬ ಸಂದೇಶ. ಪಕ್ಕದಲ್ಲಿ ನಿಂತವರೊಬ್ಬರು "ಸಿಗ್ನೇಚರ್ ಚೆಕ್ಕಿಂಗ್ ಆಫ್ ಮಾಡಿ, ಆಗೋಗತ್ತೆ" ಅಂದೇ ಅನ್ನುತ್ತಾರೆ. ಅದನ್ನು ಆಫ್ ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಆದರೆ ನನ್ನ ಕೈಗೆ ಬರುವ ಕೇಸುಗಳಲ್ಲಿ ಬಹುಪಾಲಿಗೆ ಅಲ್ಲಿವರೆಗೆ ಹೋಗುವ ಅಗತ್ಯವೇ ಬರುವುದಿಲ್ಲ. ವಿಂಡೋಸ್ ಯಾವ ಕಾರಣಕ್ಕೆ ಬೇಡ ಅನ್ನುತ್ತಿದೆ ಅಂತ ಮೊದಲು ತಿಳಿಯಬೇಕು.

ಕೋಡ್ ಓದಿ, ಆಮೇಲೆ ಮಾತು

ತಿಪಟೂರಿನ ಒಂದು ಕೊಬ್ಬರಿ ಮಂಡಿಯಿಂದ ಗುಮಾಸ್ತ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಕಾಟಾದ ತೂಕ ಕಂಪ್ಯೂಟರ್‌ಗೆ ಬರ್ತಾನೇ ಇಲ್ಲ. ಹಳೇ ಸಿಸ್ಟಮ್ಮಲ್ಲಿ ಬರ್ತಿತ್ತು. ಸಿಡಿ ಹಾಕಿದ್ರೆ ಏನೋ ಸಹಿ ಇಲ್ಲ ಅಂತದೆ."

"ಡಿವೈಸ್ ಮ್ಯಾನೇಜರ್ ತೆಗಿಯಪ್ಪ. ಹಳದಿ ಗುರುತು ಇರೋದರ ಮೇಲೆ ಎರಡು ಸಲ ಒತ್ತು. ಕೆಳಗೆ ಕೋಡ್ ಅಂತ ಒಂದು ನಂಬರ್ ಇರತ್ತೆ, ಓದು."

"ಹತ್ತು ಅಣ್ಣ."

ಹತ್ತು ಅಂದ ಮೇಲೆ ಸಹಿಯ ಗೊಡವೆ ಆಮೇಲಿನದು. ಕೋಡ್ 10 ಅಂದರೆ ಡ್ರೈವರ್ ಆಗಲೇ ಒಳಗೆ ಬಂದಿದೆ, ಸಾಧನ ಮಾತ್ರ ಶುರುವಾಗುತ್ತಿಲ್ಲ. ಸಿಡಿ ಕೊಟ್ಟ ಸಂದೇಶ ಸಿಡಿಯಲ್ಲಿರುವ ಡ್ರೈವರಿನದು. ಒಳಗೆ ಕೂತಿರುವುದು ವಿಂಡೋಸ್ ಅಪ್‌ಡೇಟ್ ತಾನೇ ತಂದು ಹಾಕಿದ ಬೇರೆ ಡ್ರೈವರ್. ಎರಡು ದೂರುಗಳನ್ನು ಒಂದೇ ಅಂದುಕೊಂಡರೆ ದಿನವಿಡೀ ಸುತ್ತುತ್ತೀರಿ.

ಉಳಿದ ನಂಬರ್‌ಗಳನ್ನೂ ಹೇಳಿಬಿಡುತ್ತೇನೆ. 28 ಅಂದರೆ ಡ್ರೈವರೇ ಇಲ್ಲ. 52 ಅಂದರೆ ಡ್ರೈವರ್ ಇದೆ, ಸಹಿ ಪರಿಶೀಲಿಸಲು ಆಗಲಿಲ್ಲ. ಅಸಲಿ ಸಹಿ ಸಮಸ್ಯೆ ಇದೇ. 48 ಅಂದರೆ ಈ ಡ್ರೈವರ್ ತೊಂದರೆಯದ್ದು ಅಂತ ಗೊತ್ತಿದ್ದು ವಿಂಡೋಸ್ ಬೇಕೆಂದೇ ತಡೆದಿದೆ. 39 ಅಂದರೆ ಡ್ರೈವರ್ ಲೋಡ್ ಆಗಲಿಲ್ಲ, ಫೈಲ್ ಕೆಟ್ಟಿರಬಹುದು ಅಥವಾ ಇಲ್ಲದಿರಬಹುದು. ವಿಂಡೋಸ್ 11ರಲ್ಲಿ 39 ಬಂದರೆ ನಾನು ಮೊದಲು ಮೆಮೊರಿ ಇಂಟೆಗ್ರಿಟಿ ನೋಡುತ್ತೇನೆ. ಅದರ ವಿಷಯ ಮುಂದೆ ಬರುತ್ತದೆ.

ಹಾಕುವಾಗಲೇ ನಿಂತುಹೋದರೆ ಕೋಡ್ ಇರುವುದಿಲ್ಲ, ಸಂದೇಶವನ್ನೇ ಗಮನವಿಟ್ಟು ಓದಬೇಕು. ‘ಈ ಫೋಲ್ಡರ್‌ನಲ್ಲಿ ಹೊಂದುವ ಡ್ರೈವರ್ ಇಲ್ಲ, ಎಕ್ಸ್64ಗೆ (ಅಂದರೆ 64 ಬಿಟ್ ವಿಂಡೋಸ್‌ಗೆ) ಮಾಡಿದ್ದೇ ನೋಡಿ’ ಎಂಬ ಅರ್ಥದ್ದು ಬಂದರೆ ಅದು 32 ಬಿಟ್ ಡ್ರೈವರ್ ಇರಬಹುದು, ಇಲ್ಲವೇ ನಿಮ್ಮ ಸಾಧನದ ಐಡಿ ಅದರ ಪಟ್ಟಿಯಲ್ಲಿಲ್ಲ. ‘ಇನ್ಫ್ ಫೈಲಿನಲ್ಲಿ ಸಹಿಯ ಮಾಹಿತಿ ಇಲ್ಲ’ ಅಂದರೆ ಸಹಿ ಇಲ್ಲದ ಡ್ರೈವರ್. ಇನ್ಫ್ ಅಂದರೆ ಡ್ರೈವರನ್ನು ಹೇಗೆ ಕೂರಿಸಬೇಕು ಅಂತ ವಿಂಡೋಸ್‌ಗೆ ಹೇಳುವ ಫೈಲ್. ‘ಕ್ಯಾಟಲಾಗ್‌ನಲ್ಲಿ ಈ ಫೈಲಿನ ಹ್ಯಾಶ್ ಇಲ್ಲ’ (ಕ್ಯಾಟಲಾಗ್ ಅಂದರೆ ಸಹಿ ಇರುವ ಫೈಲ್, ಹ್ಯಾಶ್ ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು) ಅಂದರೆ ಸಹಿ ಇತ್ತು, ಆಮೇಲೆ ಯಾರೋ ಫೈಲ್ ತಿದ್ದಿದ್ದಾರೆ, ಇಲ್ಲವೇ ಡೌನ್‌ಲೋಡ್ ಕೆಟ್ಟಿದೆ. ನೋಟ್‌ಪ್ಯಾಡಿನಲ್ಲಿ ಇನ್ಫ್ ತೆರೆದು ಸಾಧನದ ಐಡಿ ಸೇರಿಸುವ ಕಿತಾಪತಿ ಮಾಡಿದರೂ ಇದೇ ಬರುತ್ತದೆ. ಒಂದು ಅಕ್ಷರ ಬದಲಾದರೂ ಹ್ಯಾಶ್ ಹೊಂದುವುದಿಲ್ಲ.

ಇಷ್ಟಕ್ಕೂ ಗೊತ್ತಾಗದಿದ್ದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಇನ್ಫ್ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ಸೆಟಪ್‌ಎಪಿಐ ಡಾಟ್ ಡೆವ್ (setupapi.dev.log) ಅನ್ನುವ ಲಾಗ್ ಫೈಲ್ ಇರುತ್ತದೆ. ತೆರೆದು, ಕೊನೆಗೆ ಹೋಗಿ, ಮೂರು ಆಶ್ಚರ್ಯಸೂಚಕ ಚಿಹ್ನೆ ಒಟ್ಟಿಗೆ ಇರುವ ಸಾಲು ಹುಡುಕಿ. ಡ್ರೈವರ್ ಯಾಕೆ ನಿಂತಿತು ಅನ್ನುವುದು ಸಾಮಾನ್ಯವಾಗಿ ಆ ಸಾಲಿನಲ್ಲೇ ಇರುತ್ತದೆ. ನೂರು ಜನರನ್ನು ಕೇಳುವುದಕ್ಕಿಂತ ಇದು ಬೇಗ.

ಸಾಧನ ಯಾವುದು ಅಂತ ಮಿಷನ್ ಮೇಲಿನ ಹೆಸರು ಹೇಳುವುದಿಲ್ಲ

ಡಿವೈಸ್ ಮ್ಯಾನೇಜರಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಅನ್ನುವ ಪುಟ ಇದೆ. ಮೇಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ವಿಐಡಿ, ಪಿಐಡಿ ಅಂತ ಎರಡು ನಂಬರ್ ಸಿಗುತ್ತವೆ. ಮೊದಲನೆಯದು ಚಿಪ್ ಕಂಪನಿಯದು, ಎರಡನೆಯದು ಮಾದರಿಯದು. ಯುಎಸ್‌ಬಿಯಿಂದ ಸೀರಿಯಲ್‌ಗೆ (ಹಳೆ ಮಿಷನ್‌ಗಳ ಒಂಬತ್ತು ಪಿನ್ನಿನ ಪೋರ್ಟ್) ಹೋಗುವ ಕೇಬಲ್‌ಗಳಲ್ಲಿ ಮೂರು ಜಾಸ್ತಿ ಸಿಗುತ್ತವೆ: 067ಬಿ ಮತ್ತು 2303 ಇದ್ದರೆ ಪ್ರೊಲಿಫಿಕ್ ಚಿಪ್, 1ಎ86 ಮತ್ತು 7523 ಇದ್ದರೆ ಸಿಎಚ್340, 0403 ಮತ್ತು 6001 ಇದ್ದರೆ ಎಫ್‌ಟಿಡಿಐ. ಕೇಬಲ್ ಮೇಲೆ ಏನು ಸ್ಟಿಕ್ಕರ್ ಅಂಟಿಸಿದ್ದಾರೆ ಅನ್ನುವುದಕ್ಕೆ ಬೆಲೆ ಇಲ್ಲ.

ಮಂಡಿಯ ಕೇಬಲ್ 067ಬಿ, 2303. ತೂಕದ ಮಿಷನ್ನಿಗೂ ವಿಂಡೋಸ್‌ಗೂ ನೇರ ಸಂಬಂಧವೇ ಇಲ್ಲ ಅನ್ನುವುದನ್ನು ಇಲ್ಲಿ ಗಮನಿಸಿ. ಮಿಷನ್ ಒಂಬತ್ತು ಪಿನ್ನಿನ ಆರ್‌ಎಸ್‌232 ಪೋರ್ಟಿನಲ್ಲಿ ಅಂಕಿ ಕಳಿಸುತ್ತಾ ಕೂತಿರುತ್ತದೆ, ಅಷ್ಟೇ. ಡ್ರೈವರ್ ಬೇಕಾಗಿರುವುದು ನಡುವಿನ ಕೇಬಲ್ಲಿಗೆ.

ಈ ಚಿಪ್ಪಿಗೆ ಒಂದು ಕಥೆ ಇದೆ. ಪ್ರೊಲಿಫಿಕ್‌ನ ಹಳೆ ಎಚ್‌ಎಕ್ಸ್‌ಎ ಮಾದರಿಗೆ ಮಾರುಕಟ್ಟೆಯಲ್ಲಿ ನಕಲುಗಳು ತುಂಬಿಕೊಂಡವು. ಆ ಮಾದರಿಯನ್ನು ಕಂಪನಿ 2012ಕ್ಕೇ ನಿಲ್ಲಿಸಿತು. ಆಮೇಲೆ ಬಂದ ಡ್ರೈವರ್‌ಗಳು ನಕಲಿ ಚಿಪ್ಪನ್ನೂ ನಿಂತುಹೋದ ಹಳೆ ಅಸಲಿ ಚಿಪ್ಪನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಲವು ಡ್ರೈವರ್ ಆವೃತ್ತಿಗಳಲ್ಲಿ ಕೋಡ್ 10 ಬರುತ್ತದೆ. ಇನ್ನೂ ಹೊಸದರಲ್ಲಿ ಸಾಧನದ ಹೆಸರಿನ ಜಾಗದಲ್ಲೇ ‘ಈ ಚಿಪ್ 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ’ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಎಫ್‌ಟಿಡಿಐ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅದರ ಡ್ರೈವರ್ ನಕಲಿ ಚಿಪ್ಪಿನ ಪಿಐಡಿಯನ್ನೇ 0000 ಮಾಡಿಬಿಡುತ್ತಿತ್ತು. ಗಲಾಟೆ ಆದ ಮೇಲೆ ಹಿಂದಕ್ಕೆ ತೆಗೆದುಕೊಂಡರು.

ಹಾಗಾಗಿ ಮಂಡಿಯಲ್ಲಿ ಬೇಕಾಗಿದ್ದು ಹಳೆಯ ಡ್ರೈವರ್, ಆದರೆ ಸಹಿ ಇರುವ ಹಳೆಯ ಡ್ರೈವರ್. 2008ರ 3.3.2.105 ಆವೃತ್ತಿ ಇಂಥ ಕಡೆ ಬಳಕೆಯಲ್ಲಿದೆ. ಅದು 64 ಬಿಟ್, ಸಹಿಯೂ ಇದೆ. ಹಾಕಿದ ತಕ್ಷಣ ವಿಂಡೋಸ್ ಅದನ್ನು ಬಳಸುವುದಿಲ್ಲ, ಹೊಸದೇ ಒಳ್ಳೆಯದು ಅಂತ ಹಠ ಹಿಡಿಯುತ್ತದೆ. ಅದಕ್ಕೆ ಡಿವೈಸ್ ಮ್ಯಾನೇಜರಿನಲ್ಲಿ ಅಪ್‌ಡೇಟ್ ಡ್ರೈವರ್ ಒತ್ತಿ, ‘ನನ್ನ ಕಂಪ್ಯೂಟರಿನಲ್ಲಿ ಹುಡುಕು’ ಅನ್ನುವುದನ್ನು ಆರಿಸಿ, ಅದರೊಳಗೆ ‘ಪಟ್ಟಿಯಿಂದ ನಾನೇ ಆರಿಸುತ್ತೇನೆ’ ಅನ್ನುವುದಕ್ಕೆ ಹೋಗಬೇಕು. ಅಲ್ಲಿ ಎಲ್ಲಾ ಆವೃತ್ತಿಗಳೂ ಸಾಲಾಗಿ ಕಾಣುತ್ತವೆ. ಹಳೆಯದನ್ನು ಒತ್ತಿ ಮುಂದೆ ಹೋಗಿ. ಹಳದಿ ಗುರುತು ಹೋಗುತ್ತದೆ. ಯಾವ ಸೆಕ್ಯೂರಿಟಿಯನ್ನೂ ಆಫ್ ಮಾಡಿದ್ದಾಗಲಿಲ್ಲ.

ಹಳೆ ಡ್ರೈವರ್ ಹುಡುಕಲು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಒಳ್ಳೆ ಜಾಗ. ಹಾರ್ಡ್‌ವೇರ್ ಐಡಿಯನ್ನೇ ಅಲ್ಲಿ ಹಾಕಿ ಹುಡುಕಬಹುದು. ಗಂಟು ಕಟ್ಟಿದ ಕ್ಯಾಬ್ ಫೈಲ್ ಸಿಗುತ್ತದೆ, 7-ಜಿಪ್‌ನಲ್ಲಿ ಬಿಚ್ಚಿಕೊಳ್ಳಿ. ‘ಎಲ್ಲಾ ಡ್ರೈವರ್ ಉಚಿತ’ ಅಂತ ಮಿನುಗುವ ಅಪ್‌ಡೇಟರ್ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ. ಒಂದು ಡ್ರೈವರ್ ಕೇಳಿದರೆ ನಾಲ್ಕು ಬೇಡದ ಪ್ರೋಗ್ರಾಮ್ ಕೂರಿಸಿ ಹೋಗುತ್ತವೆ.

ಡ್ರೈವರ್ ಕೂತಿದೆ, ಆದರೂ ತೂಕ ಬರ್ತಿಲ್ಲ

ಇಲ್ಲೇ ಜಾಸ್ತಿ ಜನ ಮತ್ತೆ ಡ್ರೈವರಿಗೆ ಬೈಯುತ್ತಾರೆ. ಕೇಬಲ್ಲನ್ನು ಮಿಷನ್ನಿನಿಂದ ಬಿಚ್ಚಿ. ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿ. ಪಿನ್‌ಗಳ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ನಂಬರ್ ಕೊರೆದಿರುತ್ತಾರೆ, ಟಾರ್ಚ್ ಹಿಡಿದರೆ ಕಾಣುತ್ತದೆ. ಈಗ ಪುಟ್ಟಿ (PuTTY, ಪೋರ್ಟಿನಲ್ಲಿ ಬಂದದ್ದನ್ನು ನೇರ ತೋರಿಸುವ ಪ್ರೋಗ್ರಾಮ್) ತೆರೆದು, ಕೇಬಲ್ಲಿಗೆ ವಿಂಡೋಸ್ ಕೊಟ್ಟಿರುವ ಕಾಮ್ ಪೋರ್ಟಿಗೆ ಸೇರಿ, ಫ್ಲೋ ಕಂಟ್ರೋಲ್ ಇಲ್ಲ ಅಂತ ಇಟ್ಟು, ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಪರದೆ ಮೇಲೆ ಬಂದರೆ ಕೇಬಲ್, ಚಿಪ್, ಡ್ರೈವರ್ ಮೂರೂ ಸರಿ ಇವೆ. ಕಳಿಸಿದ್ದೇ ತಿರುಗಿ ಬರುತ್ತಿದೆ. ತಂತಿ ತೆಗೆದರೆ ನಿಲ್ಲಬೇಕು. ಬರದಿದ್ದರೆ ಕೇಬಲ್ ಹೋಗಿದೆ.

ಸರಿ ಇದ್ದರೆ ಮಿಷನ್ನಿಗೆ ಮತ್ತೆ ಜೋಡಿಸಿ. ಅಂಕಿಯ ಬದಲು ಚಿತ್ರವಿಚಿತ್ರ ಅಕ್ಷರ ಬಂದರೆ ಬಾಡ್ ರೇಟ್, ಅಂದರೆ ಅಂಕಿ ಕಳಿಸುವ ವೇಗದ ಸೆಟ್ಟಿಂಗ್ ತಪ್ಪಿದೆ. 9600 ಇಟ್ಟು ನೋಡಿ, ಆಮೇಲೆ 4800, 2400, 1200. ಮಿಷನ್ನಿನ ಜೊತೆ ಬಂದ ಪುಸ್ತಕ ಮಂಡಿಯ ಯಾವುದೋ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಏನೂ ಬರದಿದ್ದರೆ ಕೇಬಲ್ ನೇರದ್ದೋ 2, 3 ಅದಲುಬದಲಾದದ್ದೋ ಅಂತ ನೋಡಬೇಕು.

ಪುಟ್ಟಿಯಲ್ಲಿ ತೂಕ ಕಾಣುತ್ತಿದೆ, ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಇಲ್ಲ ಅಂದರೆ ಮೊದಲು ಪುಟ್ಟಿ ಮುಚ್ಚಿ. ಒಂದು ಪೋರ್ಟನ್ನು ಒಂದು ಪ್ರೋಗ್ರಾಮ್ ಮಾತ್ರ ಹಿಡಿಯಬಹುದು. ಆಮೇಲೂ ಇಲ್ಲದಿದ್ದರೆ ಪೋರ್ಟ್ ನಂಬರ್ ನೋಡಿ. ಹಳೆ ಸಾಫ್ಟ್‌ವೇರ್‌ಗಳು ಎಷ್ಟೋ ಕಾಮ್1ರಿಂದ ಕಾಮ್4ರವರೆಗೆ ಮಾತ್ರ ತೋರಿಸುತ್ತವೆ. ವಿಂಡೋಸ್ ಕಾಮ್7 ಕೊಟ್ಟು ಕೂತಿರುತ್ತದೆ. ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ಹೋಗಿ ನಂಬರ್ ಬದಲಾಯಿಸಿ. ತಿಪಟೂರಿನಲ್ಲಿ ಕೊನೆಗೆ ಉಳಿದಿದ್ದ ತೊಡಕು ಇದೇ. ಇನ್ನೊಂದು ಮಾತು: ಪೋರ್ಟ್ ಕೆಟ್ಟಿದೆ ಅಂತ ಕಾಟಾ ಬಿಚ್ಚಿ ನೀವೇ ಕೈ ಹಾಕಬೇಡಿ. ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಒಡೆದರೆ ಅದರಲ್ಲಿ ವ್ಯಾಪಾರದ ತೂಕ ಮಾಡುವ ಹಾಗಿಲ್ಲ.

ನಿಜವಾಗಿಯೂ ಸಹಿಯದ್ದೇ ತಕರಾರು ಆದಾಗ

ಸಹಿ ಅಂದರೆ ಡ್ರೈವರ್ ಒಳ್ಳೆಯದು ಅಂತ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಚೀಲದ ಬಾಯಿ ಹೊಲಿದು ಮಂಡಿಯ ಮಾರ್ಕು ಹೊಡೆದ ಹಾಗೆ ಅದು. ಒಳಗಿನ ಕೊಬ್ಬರಿ ಹೇಗಿದೆಯೋ ಹೊಲಿಗೆ ಹೇಳುವುದಿಲ್ಲ, ಯಾರ ಚೀಲ, ದಾರಿಯಲ್ಲಿ ಬಿಚ್ಚಿದ್ದಾರಾ ಅನ್ನುವುದು ಮಾತ್ರ ಗೊತ್ತಾಗುತ್ತದೆ. 64 ಬಿಟ್ ವಿಂಡೋಸ್ ವಿಸ್ಟಾ ಕಾಲದಿಂದಲೂ ಕರ್ನಲ್‌ನಲ್ಲಿ (ವಿಂಡೋಸಿನ ಒಳತಿರುಳು) ಓಡುವ ಡ್ರೈವರಿಗೆ ಸಹಿ ಕಡ್ಡಾಯ. 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ನಿಯಮ ಇನ್ನೂ ಬಿಗಿಯಾಯಿತು. ಹೊಸ ಕರ್ನಲ್ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟಿನದೇ ಸಹಿ ಬೇಕಾಯಿತು. ಆಗ ಹಳಬರಿಗೆ ಒಂದು ವಿನಾಯಿತಿ ಕೊಟ್ಟರು: 2015ರ ಜುಲೈ 29ಕ್ಕಿಂತ ಮೊದಲು ಪಡೆದ ಸರ್ಟಿಫಿಕೇಟಿನಿಂದ ಸರಿಯಾಗಿ ಸಹಿ ಮಾಡಿದ್ದರೆ ನಡೆಯುತ್ತದೆ. 2010ರ ಡ್ರೈವರ್ ಹಳೆಯದಾದ ಮಾತ್ರಕ್ಕೆ ಸಹಿ ಇಲ್ಲದ್ದು ಅಂದುಕೊಳ್ಳಬೇಡಿ ಅಂತ ಇದಕ್ಕೇ ಹೇಳುತ್ತಿದ್ದೇನೆ. ಡ್ರೈವರ್ ಫೋಲ್ಡರಿನಲ್ಲಿರುವ ಕ್ಯಾಟ್ (ಕ್ಯಾಟಲಾಗ್) ಫೈಲನ್ನು ಎರಡು ಸಲ ಒತ್ತಿದರೆ ಸಹಿ ಯಾರದ್ದು, ಯಾವಾಗಿನದ್ದು ಅಂತ ತೋರಿಸುತ್ತದೆ. ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೂ, ಅವಧಿಯೊಳಗೆ ಸಹಿ ಮಾಡಿ ಸಮಯದ ಮುದ್ರೆ ಹಾಕಿದ್ದರೆ ಅಡ್ಡಿ ಇಲ್ಲ.

ಇನ್ಫ್ ಫೈಲನ್ನೂ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ತಿದ್ದಬೇಡಿ, ಓದಿ ಅಷ್ಟೇ. ವಿಭಾಗಗಳ ಹೆಸರಿನ ಕೊನೆಗೆ ಎನ್‌ಟಿ ಎಎಂಡಿ64 ಅಂತ ಇದ್ದರೆ 64 ಬಿಟ್‌ಗೆ ಬರೆದದ್ದು. ಎಎಂಡಿ ಅಂತ ಇದೆಯಲ್ಲ, ನಮ್ಮದು ಇಂಟೆಲ್ ಅಂತ ಗಾಬರಿ ಬೇಡ, ಎರಡಕ್ಕೂ ಅದೇ. ಆ ಗುರುತು ಎಲ್ಲೂ ಇಲ್ಲದೆ ಸಿಸ್ ಫೈಲ್ (ಓಡುವ ಅಸಲಿ ಡ್ರೈವರ್) ಬರೀ 32 ಬಿಟ್‌ನದಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಸಹಿ ಪರಿಶೀಲನೆ ಆಫ್ ಮಾಡಿದರೂ 32 ಬಿಟ್ ಕರ್ನಲ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ.

ಎಲ್ಲಾ ನೋಡಿ, 64 ಬಿಟ್ ಇದೆ, ಸಹಿ ಮಾತ್ರ ಇಲ್ಲ ಅಂತ ಖಾತ್ರಿ ಆದರೆ ಆಗ ಈ ದಾರಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 7 ಅಥವಾ ಎಫ್7 ಒತ್ತಿ. ಅದಕ್ಕೂ ಮೊದಲು ಬಿಟ್‌ಲಾಕರ್ ವಿಷಯ ನೋಡಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪಿ ತಾನಾಗೇ ಆನ್ ಆಗಿರುತ್ತದೆ, ಬಳಸುವವರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿ ಅಥವಾ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಕೈಯಾಡಿಸಿದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇರುವುದು ಮೊದಲ ದಿನ ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಸಿಸ್ಟಮ್ ಮಾರಿದವರ ಮೇಲ್ ಐಡಿಯಲ್ಲಿ ಲಾಗಿನ್ ಆಗಿದ್ದರೆ? ಕೀ ಕೈಯಲ್ಲಿ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಎಫ್7 ಪರಿಣಾಮ ಆ ಒಂದು ಸಲದ ಬೂಟ್‌ಗೆ ಮಾತ್ರ. ಇದು ತಿಳಿಯದೆ ತುಂಬಾ ಜನ ಮೋಸ ಹೋಗುತ್ತಾರೆ. ಹಾಕಿದಾಗ ಮಿಷನ್ ಓಡುತ್ತದೆ, ದುಡ್ಡು ತೆಗೆದುಕೊಂಡು ಮೆಕ್ಯಾನಿಕ್ ಹೊರಡುತ್ತಾನೆ, ಬೆಳಗ್ಗೆ ಸಿಸ್ಟಮ್ ಆನ್ ಮಾಡಿದರೆ ಕೋಡ್ 52. ಅಪವಾದ ಒಂದಿದೆ. ಕೆಲವು ಹಳೆ ಡ್ರೈವರ್‌ಗಳಲ್ಲಿ ಸ್ವಂತ ಸಿಸ್ ಫೈಲೇ ಇರುವುದಿಲ್ಲ. ಬರೀ ಇನ್ಫ್ ಇರುತ್ತದೆ, ಅದು ವಿಂಡೋಸಿನ ಯುಎಸ್‌ಬಿಸೆರ್ ಅನ್ನುವ ಡ್ರೈವರಿಗೆ ಕೈ ತೋರಿಸುತ್ತದೆ. ಓಡುವ ಫೈಲಿಗೆ ಮೈಕ್ರೋಸಾಫ್ಟಿನ ಸಹಿ ಇರುವುದರಿಂದ ಎಫ್7ರಲ್ಲಿ ಒಮ್ಮೆ ಕೂರಿಸಿದರೆ ಆಮೇಲೂ ಓಡುತ್ತದೆ. ಹಾಗಾಗಿ ಫೋಲ್ಡರಿನಲ್ಲಿ ಸಿಸ್ ಫೈಲ್ ಇದೆಯಾ ಇಲ್ಲವಾ ಅಂತ ಮೊದಲೇ ನೋಡಿ.

ಟೆಸ್ಟ್ ಮೋಡ್ ಇನ್ನೊಂದು ದಾರಿ. ಬಿಸಿಡಿಎಡಿಟ್ ಅನ್ನುವ ಕಮಾಂಡಿನಲ್ಲಿ ಟೆಸ್ಟ್‌ಸೈನಿಂಗ್ ಆನ್ ಮಾಡುವುದು. ಬಯಾಸ್‌ನಲ್ಲಿರುವ ಸೆಕ್ಯೂರ್ ಬೂಟ್ ಅನ್ನುವ ಕಾವಲು ಆನ್ ಇದ್ದರೆ ಅದು ಒಪ್ಪುವುದೇ ಇಲ್ಲ. ಅದನ್ನು ಆಫ್ ಮಾಡಿದರೂ, ಸಹಿಯೇ ಇಲ್ಲದ ಕರ್ನಲ್ ಡ್ರೈವರ್ ಟೆಸ್ಟ್ ಮೋಡ್‌ನಲ್ಲಿ ಓಡುವುದಿಲ್ಲ, ನೀವೇ ಒಂದು ಪರೀಕ್ಷಾ ಸಹಿ ಹಾಕಬೇಕು. ಪರದೆಯ ಬಲ ಮೂಲೆಯಲ್ಲಿ ಟೆಸ್ಟ್ ಮೋಡ್ ಅಂತ ಬರಹ ಕಾಯಂ ಕೂತಿರುತ್ತದೆ. ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ, ಡಿಜಿಟಲ್ ಸಹಿ ಟೋಕನ್ ಎಲ್ಲಾ ಇರುವ ಕಂಪ್ಯೂಟರಿನಲ್ಲಿ ನಾನು ಇದನ್ನು ಮಾಡಿಕೊಡುವುದಿಲ್ಲ. ಸಾಹುಕಾರರು ಎಷ್ಟು ಕೇಳಿದರೂ ಸರಿ.

ಮೆಮೊರಿ ಇಂಟೆಗ್ರಿಟಿ ಅನ್ನುವ ವಿಂಡೋಸಿನ ರಕ್ಷಣೆ ಬೇರೆಯೇ ಗೇಟು. ಸಹಿ ಸರಿ ಇದ್ದರೂ ಇಲ್ಲಿ ಡ್ರೈವರ್ ನಿಲ್ಲಬಹುದು. ವಿಂಡೋಸ್ ಸೆಕ್ಯೂರಿಟಿಯಲ್ಲಿ ಡಿವೈಸ್ ಸೆಕ್ಯೂರಿಟಿ, ಕೋರ್ ಐಸೊಲೇಷನ್ ಒಳಗೆ ಇದೆ. ಆಫ್ ಇದ್ದದ್ದನ್ನು ಆನ್ ಮಾಡಲು ಹೋದರೆ ಹೊಂದದ ಡ್ರೈವರ್‌ಗಳ ಹೆಸರನ್ನು ಅದೇ ಪಟ್ಟಿ ಮಾಡಿ ಕೊಡುತ್ತದೆ. ಹಳೆ ಡಾಂಗಲ್ ಡ್ರೈವರ್‌ಗಳು ಇಲ್ಲಿ ಜಾಸ್ತಿ ಸಿಕ್ಕಿಬೀಳುತ್ತವೆ. ಡಾಂಗಲ್‌ಗೆ ಸಿಡಿಯಲ್ಲಿರುವುದನ್ನು ಬಿಟ್ಟು ತಯಾರಕರ ಹೊಸ ರನ್‌ಟೈಮ್ (ಡಾಂಗಲ್ ಓಡಿಸುವ ಸಾಫ್ಟ್‌ವೇರ್) ಹುಡುಕಿ.

ಡ್ರೈವರೇ ಬೇಡದ ದಾರಿಗಳು

ಡಾಟ್ ಮ್ಯಾಟ್ರಿಕ್ಸ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಬಹುಪಾಲು ಎಪ್ಸನ್ ಭಾಷೆ ಗೊತ್ತಿರುವಂಥವು. ವಿಂಡೋಸ್ ಜೊತೆ ಬರುವ ಎಪ್ಸನ್ ಡ್ರೈವರ್ ಹಾಕಿ ನೋಡಿ. ಬರೀ ಬಿಲ್ಲಾದರೆ ಬರೀ ಅಕ್ಷರ ಕಳಿಸುವ ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಸಾಕು. ಕನ್ನಡ ಅಕ್ಷರ ಬೇಕಾದರೆ ಮಾತ್ರ ಅದು ಆಗುವುದಿಲ್ಲ.

ಸ್ಕ್ಯಾನರ್‌ಗೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ವ್ಯೂಸ್ಕ್ಯಾನ್ ಅನ್ನುವ ಸ್ಕ್ಯಾನಿಂಗ್ ಸಾಫ್ಟ್‌ವೇರ್ ನೋಡಬಹುದು, ದುಡ್ಡು ಕೊಡಬೇಕು. ಇಲ್ಲವೇ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) 32 ಬಿಟ್ ವಿಂಡೋಸ್ 7 ಹಾಕಿ ಯುಎಸ್‌ಬಿಯನ್ನು ಒಳಗೆ ಬಿಟ್ಟುಕೊಡಬಹುದು. ಹೊರಗಿನ ವಿಂಡೋಸ್‌ಗೆ ಸ್ಕ್ಯಾನರಿನ ಡ್ರೈವರ್ ಬೇಕಾಗುವುದಿಲ್ಲ. ಒಳಗಿನ ವಿಂಡೋಸ್‌ಗೆ ಇಂಟರ್ನೆಟ್ ಕೊಡಬೇಡಿ. ಮದುವೆ ಪತ್ರಿಕೆ ಮಾಡುವ ಡಿಟಿಪಿಯವರಿಗೆ ಇದು ಹಿಡಿಸುತ್ತದೆ, ಯಾಕೆಂದರೆ ಹಳೆ ಸಾಫ್ಟ್‌ವೇರ್, ಹಳೆ ಫಾಂಟ್ ಎರಡೂ ಅದರಲ್ಲೇ ಓಡುತ್ತವೆ.

ಮಿಷನ್ ಬದುಕಿದೆಯೋ ಇಲ್ಲವೋ ಅನ್ನುವ ಅನುಮಾನ ಬಂದರೆ ಉಬುಂಟು (ವಿಂಡೋಸ್ ಬದಲು ಓಡುವ ಲಿನಕ್ಸ್) ಪೆನ್‌ಡ್ರೈವಿನಿಂದ ಬೂಟ್ ಮಾಡಿ ನೋಡುತ್ತೇನೆ. ಡಿಸ್ಕಿಗೆ ಏನೂ ಹಾಕುವುದಿಲ್ಲ. ಪ್ರೊಲಿಫಿಕ್, ಸಿಎಚ್340 ಚಿಪ್‌ಗಳ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇವೆ. ಎಷ್ಟೋ ಹಳೆ ಸ್ಕ್ಯಾನರ್‌ಗಳೂ ಎದ್ದು ಕೂರುತ್ತವೆ. ಅಲ್ಲಿ ಓಡಿದರೆ ತಪ್ಪು ವಿಂಡೋಸ್ ಕಡೆಯದ್ದು, ಅಲ್ಲೂ ಕಾಣದಿದ್ದರೆ ತಂತಿ ಅಥವಾ ಮಿಷನ್ನಿನದು.

ಕೇಬಲ್ಲೇ ಸಮಸ್ಯೆಯಾದರೆ ಹೊಸ ಕೇಬಲ್ ತರುವುದು ಎಲ್ಲಕ್ಕಿಂತ ಸಸ್ತಾ. ತಂದ ಮೇಲೆ ಮೊದಲು ಐಡಿ ನೋಡಿ. ನಕಲಿ ಬಂದಿದ್ದರೆ ಆವತ್ತೇ ವಾಪಸ್ ಕೊಡಿ.

ಹಳೆ ಡ್ರೈವರಿನಲ್ಲೇ ಮುಂದುವರಿಯುವುದಾದರೆ ಒಂದು ಕೆಲಸ ಉಳಿದಿದೆ. ವಿಂಡೋಸ್ ಅಪ್‌ಡೇಟ್ ಮತ್ತೆ ಹೊಸದನ್ನು ತಂದು ಕೂರಿಸುತ್ತದೆ. ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್‌ನಲ್ಲಿ ತಯಾರಕರ ಡ್ರೈವರ್ ತಾನಾಗೇ ತರುವುದನ್ನು ಬೇಡ ಅಂತ ಇಡಿ. ಪ್ರೊ ಆವೃತ್ತಿಯಾದರೆ ಗ್ರೂಪ್ ಪಾಲಿಸಿಯಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಸೇರಿಸಬೇಡ ಅನ್ನುವ ಸೆಟ್ಟಿಂಗ್ ಇದೆ. ಕೇಬಲ್ಲನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೂ ವಿಂಡೋಸ್ ಅದನ್ನು ಹೊಸ ಸಾಧನ ಅಂದುಕೊಂಡು ಬೇರೆ ಕಾಮ್ ನಂಬರ್ ಕೊಡಬಹುದು, ಹೊಸ ಡ್ರೈವರನ್ನೂ ಹುಡುಕಬಹುದು. ಯಾವ ಪೋರ್ಟ್ ಅಂತ ಮಾರ್ಕರಿನಲ್ಲಿ ಗುರುತು ಮಾಡಿ, ಗುಮಾಸ್ತರಿಗೂ ತೋರಿಸಿ. ಡ್ರೈವರ್ ಫೋಲ್ಡರನ್ನು ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಇಟ್ಟುಬಿಡಿ.